ನಮ್ಮವರಿಗೆ ನಮ್ಮವರೇ ಸಲಹೆ ಹೇಳಬೇಕೇ? ಹೊರನಾಡಿನ ಕಪ್ಪು ಮತ್ತು ಕಂದು ವರ್ಣದ ಎಲ್‌ಜಿಬಿಟಿ ಸಮುದಾಯಗಳಲ್ಲಿ ಸ್ವಯಂಸೇವೆ

ಮಲೆನಾಡಿಗ, ಬರ್ಮಿಂಗ್‌ಹ್ಯಾಮ್ (ಚರ್ಚೆ ಆರಂಭಿಸಿದವರು)

ಬರ್ಮಿಂಗ್‌ಹ್ಯಾಮ್‌ನಲ್ಲಿ ಆಫ್ರಿಕಾ, ಕೆರಿಬಿಯನ್ ಮತ್ತು ದಕ್ಷಿಣ ಏಷ್ಯಾ ಮೂಲದ ಎಲ್‌ಜಿಬಿಟಿ ಜನರ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದು ಸ್ವಯಂಸೇವಕ ಸಲಹೆಗಾರರನ್ನು ಹುಡುಕುತ್ತಿದೆ. ವೃತ್ತಿಯಲ್ಲಿ ನಾನು ಫಾರ್ಮಸಿಸ್ಟ್. ನಾನು ಗೇ ಎಂಬುದು ನನ್ನ ಅಕ್ಕ ಮತ್ತು ಕೆಲವೇ ಗೆಳೆಯರನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿದಿಲ್ಲ, ಇಲ್ಲಿ ಮುಚ್ಚಿಟ್ಟುಕೊಂಡಿಲ್ಲ. ವಾರಕ್ಕೊಂದು ಸಂಜೆ ಫೋನಿನಲ್ಲಿ ಮಾತನಾಡುವುದು, ಬೇಕೆಂದವರ ಜೊತೆ ಲೈಂಗಿಕ ಆರೋಗ್ಯ ಕ್ಲಿನಿಕ್‌ಗೆ ಹೋಗುವುದು, ಬೇಸಿಗೆಯ ಮೇಳಗಳಲ್ಲಿ ಮೇಜು ಹಾಕಿಕೊಂಡು ಎಚ್‌ಐವಿ ಪರೀಕ್ಷೆಯ ಬಗ್ಗೆ ತಿಳಿಸುವುದು, ಇಷ್ಟು ಕೆಲಸ ಎಂದು ಸಂಯೋಜಕರು ಹೇಳಿದರು. ಕನ್ನಡ ಮತ್ತು ತಮಿಳು ಬಲ್ಲವರು ತಮ್ಮಲ್ಲಿ ಯಾರೂ ಇಲ್ಲ, ನೀವು ಬಂದರೆ ದೊಡ್ಡ ಉಪಕಾರ ಎಂದೂ ಸೇರಿಸಿದರು.

ಅದನ್ನು ಕೇಳಿದಾಗ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಈ ಭಾಗದ ಕನ್ನಡಿಗರೆಲ್ಲರೂ ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೇ ಸಭಾಂಗಣದಲ್ಲಿ ಸೇರುವವರು. ಇಂದು ರಾತ್ರಿ ಹೆಸರು ಹೇಳದೆ ಅತ್ತುಕೊಂಡು ಮಾತನಾಡಿದವರು ಮುಂದಿನ ಭಾನುವಾರ ಬಿಸಿಬೇಳೆಬಾತ್ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿರಬಹುದು, ಮತ್ತು ನನ್ನ ದನಿಯನ್ನು ಗುರುತಿಸಬಹುದು. ಒಂದೇ ಭಾಷೆಯ, ಒಂದೇ ಊರಿನ ಕಡೆಯ ಸಲಹೆಗಾರರಿರುವುದು ನೆರವಿಗೆ ಬರುವವರಿಗೆ ನಿಜವಾಗಿ ಅನುಕೂಲವೇ, ಅಥವಾ ಅದೇ ಅವರನ್ನು ದೂರ ಓಡಿಸುತ್ತದೆಯೇ? ಇಂಥ ಕೆಲಸ ಮಾಡಿದವರು, ಇಂಥ ನೆರವು ಪಡೆದವರು ಇಬ್ಬರೂ ಬರೆಯಬೇಕೆಂದು ವಿನಂತಿ.

ಥೇಮ್ಸ್ ದಂಡೆ, ಲಂಡನ್

ಮಲೆನಾಡಿಗರೇ, ನಾನು ಕೆಲವು ವರ್ಷಗಳಿಂದ ಇದೇ ಬಗೆಯ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ಹೊಸದಲ್ಲ. ಬ್ರಿಟನ್ನಿನಲ್ಲಿ ಏಡ್ಸ್‌ನಿಂದ ಮೊದಮೊದಲು ತೀರಿಕೊಂಡವರಲ್ಲಿ ಒಬ್ಬರಾದ ಟೆರಿ ಹಿಗ್ಗಿನ್ಸ್ ಅವರ ಹೆಸರಿನಲ್ಲಿ 1982ರಲ್ಲಿ ಗೆಳೆಯರೇ ಕೂಡಿ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್ ಕಟ್ಟಿದರು. ಆ ಕಾಲದ ಇಡೀ ಸೇವೆ ನಿಂತಿದ್ದದ್ದು ಸಂಬಳವಿಲ್ಲದವರ ಮೇಲೆಯೇ. ಆದರೆ ಹೊರಡುತ್ತಿದ್ದ ಕರಪತ್ರಗಳು ಇಂಗ್ಲಿಷಿನಲ್ಲಿದ್ದವು, ಚಿತ್ರಗಳಲ್ಲಿ ಬಿಳಿಯ ಗಂಡಸರಿದ್ದರು, ಮಾಹಿತಿ ಹಂಚುತ್ತಿದ್ದ ಬಾರ್‌ಗಳಿಗೆ ನಮ್ಮ ಕಡೆಯ ಅನೇಕರು ಕಾಲಿಡುತ್ತಿರಲಿಲ್ಲ. ಕೋಲ್ಕತ್ತಾದಲ್ಲಿ ಹುಟ್ಟಿ ಇಲ್ಲಿ ಬೆಳೆದ ಶಿವಾನಂದ ಖಾನ್ ಅವರು ಮೊದಲು ಶಕ್ತಿ ಎಂಬ ದಕ್ಷಿಣ ಏಷ್ಯಾದವರ ಗುಂಪನ್ನು, ಆಮೇಲೆ 1991ರಲ್ಲಿ ಎಚ್‌ಐವಿ ಸೇವೆಗಾಗಿ ನಾಜ್ ಪ್ರಾಜೆಕ್ಟನ್ನು ಶುರು ಮಾಡಿದ್ದು ಈ ಕೊರತೆಯನ್ನು ಕಂಡೇ.

ಇನ್ನು ದಿನನಿತ್ಯದ ಕೆಲಸ. ಫೋನಿನಲ್ಲಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ವೈದ್ಯಕೀಯವಾಗಿ ಸರಳ, ಕೇಳುವವರಿಗೆ ಮಾತ್ರ ಬೆಟ್ಟದಷ್ಟು ದೊಡ್ಡವು. ನಮ್ಮ ವಿದ್ಯಾರ್ಥಿಗಳು ಮೊದಲು ಕೇಳುವುದು ವೀಸಾ ಬಗ್ಗೆ. ಆರು ತಿಂಗಳಿಗೂ ಮೀರಿದ ಬ್ರಿಟನ್ನಿನ ವೀಸಾಕ್ಕೆ ಭಾರತೀಯರು ಕ್ಷಯದ ತಪಾಸಣೆ ಮಾಡಿಸಬೇಕು, ಎಚ್‌ಐವಿ ಪರೀಕ್ಷೆ ಬೇಕಿಲ್ಲ. ಲೈಂಗಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಪರೀಕ್ಷೆ ಎಲ್ಲರಿಗೂ ಉಚಿತ. ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆಯೂ, ವೀಸಾ ಯಾವುದೇ ಇರಲಿ, ಉಚಿತ. ಈ ಮೂರು ಮಾತುಗಳನ್ನು ಕೇಳಿದ ಮೇಲೆಯೇ ಎಷ್ಟೋ ಜನ ನಿಜವಾದ ವಿಷಯಕ್ಕೆ ಬರುತ್ತಾರೆ. ಕ್ಲಿನಿಕ್‌ನಲ್ಲಿ ನಿಜ ಹೆಸರನ್ನೇ ಕೊಡಬೇಕೆಂಬ ಕಡ್ಡಾಯವಿಲ್ಲ, ನೀವು ಒಪ್ಪದೆ ನಿಮ್ಮ ಕುಟುಂಬ ವೈದ್ಯರಾದ ಜಿ.ಪಿ.ಗೆ ವಿಷಯ ಹೋಗುವುದಿಲ್ಲ ಎಂಬುದು ಅನೇಕರಿಗೆ ಸುದ್ದಿಯೇ.

ಇನ್ನೊಂದು ಬಗೆಯ ಕರೆ ತುರ್ತಿನದು. ನಿನ್ನೆ ರಾತ್ರಿ ಕಾಂಡೋಮ್ ಹರಿಯಿತು, ಏನು ಮಾಡಲಿ ಎಂದು ಕೇಳುತ್ತಾರೆ. ಅಪಾಯಕ್ಕೆ ಒಡ್ಡಿಕೊಂಡ ಮೇಲೆ ಎಚ್‌ಐವಿ ತಗುಲದಂತೆ ತಡೆಯಲು ಕೊಡುವ ಪೆಪ್ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಬಿಡದೆ ನುಂಗಬೇಕು. ಕ್ಲಿನಿಕ್ ಮುಚ್ಚಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅಲ್ಲಿ ಕೌಂಟರಿನವರ ಮುಂದೆ ಯಾವ ಮಾತನ್ನಾಡಬೇಕು ಎಂಬುದನ್ನು ಫೋನಿನಲ್ಲೇ ಒಮ್ಮೆ ಹೇಳಿಸಿ ಅಭ್ಯಾಸ ಮಾಡಿಸುತ್ತೇವೆ. ಸಾಲಿನಲ್ಲಿ ಹಿಂದೆ ನಿಂತವರಿಗೆ ಕೇಳಿಸುತ್ತದೆಂಬ ನಾಚಿಕೆಯಿಂದ ಹಿಂದಿರುಗಿ ಬಂದವರುಂಟು, ಅದಕ್ಕಾಗಿ.

ಮನೆಗೆ ತರಿಸಿಕೊಳ್ಳುವ ಪರೀಕ್ಷೆಯ ಕಿಟ್ ಇನ್ನೊಂದು ಕಥೆ. ಹೆಸರಿಲ್ಲದ ಸಾದಾ ಪೊಟ್ಟಣದಲ್ಲಿ ಬರುತ್ತದೆ. ಬೆರಳ ತುದಿಯನ್ನು ಚುಚ್ಚಿ ಒಂದು ಪುಟ್ಟ ನಳಿಕೆಗೆ ಗೆರೆಯವರೆಗೆ ರಕ್ತ ತುಂಬಿಸಬೇಕು. ಚಳಿಗಾಲದಲ್ಲಿ ತಣ್ಣಗಾದ ಕೈಯಿಂದ ರಕ್ತ ಬರುವುದೇ ಇಲ್ಲ. ಅರ್ಧ ತುಂಬುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ನೀರು ಕುಡಿಯಿರಿ, ಕೈಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಎದ್ದು ನಿಂತು ತೋಳನ್ನು ಕೆಳಗೆ ಬಿಡಿ, ಬೆರಳ ತುದಿಯನ್ನಷ್ಟೇ ಹಿಂಡದೆ ಅಂಗೈಯಿಂದ ಬೆರಳಿನ ಕಡೆಗೆ ನೀವುತ್ತಾ ಬನ್ನಿ ಎಂದು ನಾನು ವೀಡಿಯೊ ಕರೆಯಲ್ಲಿ ಹೇಳಿಕೊಡುವುದುಂಟು. ಇದಕ್ಕೆ ವೈದ್ಯರು ಬೇಕಿಲ್ಲ. ಅವಸರವಿಲ್ಲದ ಒಬ್ಬ ಮನುಷ್ಯ ಬೇಕು.

ನಿಮ್ಮ ಮೂಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಭಾಷೆ ಬಾಗಿಲು ತೆರೆಸುತ್ತದೆ, ಆದರೆ ಯಾರನ್ನು ಆರಿಸಿಕೊಳ್ಳಬೇಕೆಂಬ ಆಯ್ಕೆ ಬಂದವರ ಕೈಯಲ್ಲಿರಬೇಕು. ಕನ್ನಡದವರು ಬೇಕೇ, ಬೇಡವೇ ಎಂದು ಮೊದಲೇ ಕೇಳುವ ಪದ್ಧತಿ ಆ ಸಂಸ್ಥೆಯಲ್ಲಿ ಇಲ್ಲದಿದ್ದರೆ ಸೇರುವ ಮುನ್ನ ಯೋಚಿಸಿ.

ನಿವೃತ್ತ ಎಂಜಿನಿಯರ್, ನ್ಯೂಜರ್ಸಿ

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿಲ್ಲ, ಆದರೂ ಕೇಳುತ್ತೇನೆ. ರೋಗಾಣು ಬಣ್ಣ ನೋಡಿ ಬರುವುದಿಲ್ಲ. ಮಾತ್ರೆಯೂ ಬಣ್ಣ ನೋಡಿ ಕೆಲಸ ಮಾಡುವುದಿಲ್ಲ. ಎಲ್ಲರಿಗೂ ಒಂದೇ ಆಸ್ಪತ್ರೆ, ಒಂದೇ ತರಬೇತಿ ಪಡೆದ ವೃತ್ತಿಪರರು ಇರುವಾಗ, ಕಪ್ಪು ವರ್ಣೀಯರಿಗೆ ಒಂದು ಸಂಸ್ಥೆ, ಏಷ್ಯಾದವರಿಗೆ ಇನ್ನೊಂದು, ಅದರಲ್ಲೂ ವೈದ್ಯಕೀಯ ಪದವಿಯಿಲ್ಲದ ಸ್ವಯಂಸೇವಕರಿಂದ ಸಲಹೆ ಎಂದು ಒಡೆಯುತ್ತಾ ಹೋದರೆ ಗುಣಮಟ್ಟಕ್ಕೆ ಹೊಣೆ ಯಾರು? ನಾಳೆ ಲಿಂಗಾಯತ ಗೇ, ಒಕ್ಕಲಿಗ ಗೇ ಎಂದು ಬೇರೆ ಬೇರೆ ಫೋನ್ ಸಂಖ್ಯೆ ಬರುವುದಿಲ್ಲ ಎಂಬ ಭರವಸೆ ಏನು?

ಪೀಚ್‌ಟ್ರೀ, ಅಟ್ಲಾಂಟಾ

ಸರ್, ನಾನು ಇಲ್ಲಿ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿದ್ದೇನೆ. ತಮ್ಮ ಪ್ರಶ್ನೆಯನ್ನು ಅಮೆರಿಕದ ಅನುಭವದ ಮೂಲಕವೇ ನೋಡೋಣ. ರೋಗಾಣು ಬಣ್ಣ ನೋಡುವುದಿಲ್ಲ ನಿಜ, ಆದರೆ ಅದು ಯಾರನ್ನು ತಲುಪಿತು ಎಂಬ ಲೆಕ್ಕದಲ್ಲಿ ಬಣ್ಣ ಎದ್ದು ಕಾಣುತ್ತದೆ. ಆಗಿನ ಪರಿಸ್ಥಿತಿ ಹಾಗೆಯೇ ಮುಂದುವರಿದರೆ ಗೇ ಮತ್ತು ಬೈಸೆಕ್ಷುಯಲ್ ಗಂಡಸರಲ್ಲಿ ಕಪ್ಪು ವರ್ಣೀಯರ ಪೈಕಿ ಇಬ್ಬರಲ್ಲಿ ಒಬ್ಬರಿಗೆ, ಲ್ಯಾಟಿನೋಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಬಿಳಿಯರಲ್ಲಿ ಹನ್ನೊಂದು ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ತಗುಲುತ್ತದೆ ಎಂದು ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2016ರಲ್ಲಿ ಅಂದಾಜಿಸಿತು. ಈ ಅಂತರಕ್ಕೆ ನಡತೆಯ ವ್ಯತ್ಯಾಸ ಕಾರಣವಲ್ಲವೆಂದು ಹಲವು ಅಧ್ಯಯನಗಳು ಹೇಳಿವೆ. ವಿಮೆ ಇಲ್ಲದಿರುವುದು, ತಡವಾದ ಪರೀಕ್ಷೆ, ನಿಂತುಹೋಗುವ ಚಿಕಿತ್ಸೆ, ಇವೇ ದೊಡ್ಡ ಕಾರಣಗಳು.

ಇವೆಲ್ಲದರ ಅಡಿಯಲ್ಲಿ ಅಪನಂಬಿಕೆ ಇದೆ, ಅದಕ್ಕೆ ಆಧಾರವೂ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ 399 ಮಂದಿ ಸಿಫಿಲಿಸ್ ಪೀಡಿತ ಕಪ್ಪು ವರ್ಣದ ಗಂಡಸರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತಾ ಕುಳಿತರು. 1947ರ ಹೊತ್ತಿಗೆ ಪೆನಿಸಿಲಿನ್ ಆ ರೋಗದ ಅಂಗೀಕೃತ ಚಿಕಿತ್ಸೆಯಾಗಿತ್ತು, ಆದರೂ ಕೊಡಲಿಲ್ಲ. ಅಂಥ ಊರಿನ ಮೊಮ್ಮಗನಿಗೆ, ಬಿಳಿ ಕೋಟಿನವರು ಉಚಿತವಾಗಿ ಮಾತ್ರೆ ಕೊಡುತ್ತಾರೆ, ತೆಗೆದುಕೊ ಎಂದರೆ ಅವನ ಮನಸ್ಸಿನಲ್ಲಿ ಏನು ಏಳುತ್ತದೆ ಎಂಬುದನ್ನು ಪದವಿಯೊಂದರಿಂದ ಅಳಿಸಲಾಗದು.

ಫಿಲಡೆಲ್ಫಿಯಾದ ನರ್ಸ್ ರಶೀದಾ ಹಸನ್ ಅವರು ಆ ಊರಿನ ಏಡ್ಸ್ ಸಂಸ್ಥೆಯೊಂದರಲ್ಲಿ ಸ್ವಯಂಸೇವಕಿಯಾಗಿದ್ದಾಗ, ಕಪ್ಪು ವರ್ಣೀಯರ ಬೀದಿಗಳಿಗೆ ಮಾಹಿತಿ ತಲುಪುತ್ತಲೇ ಇಲ್ಲವೆಂದು ಕಂಡು ಹೊರಬಂದು 1985ರಲ್ಲಿ ಬೆಬಾಷಿ ಎಂಬ ಸಂಸ್ಥೆ ಕಟ್ಟಿದರು. ಅವರು ವೃತ್ತಿಪರರೇ ಆಗಿದ್ದರು ಎಂಬುದನ್ನು ಗಮನಿಸಬೇಕು. ವೃತ್ತಿಪರರು ಒಂದು ಕಡೆ, ಸಮುದಾಯದವರು ಇನ್ನೊಂದು ಕಡೆ ಎಂಬ ವಿಂಗಡಣೆಯೇ ಸರಿಯಾಗಿಲ್ಲ.

ಗುಣಮಟ್ಟದ ಮಾತಿಗೆ ಬಂದರೆ, ಎಚ್‌ಪಿಟಿಎನ್ 073 ಎಂಬ ಅಧ್ಯಯನವನ್ನು ನೋಡಬಹುದು. ವಾಷಿಂಗ್ಟನ್, ಲಾಸ್ ಏಂಜಲಿಸ್, ಚಾಪೆಲ್ ಹಿಲ್ ಈ ಮೂರು ಕಡೆ, ಪುರುಷರ ಜೊತೆ ಸಂಬಂಧವಿರುವ 226 ಕಪ್ಪು ವರ್ಣದ ಪುರುಷರಿಗೆ ಎಚ್‌ಐವಿ ತಗುಲುವ ಮುನ್ನವೇ ತಡೆಯುವ ಪ್ರೆಪ್ ಮಾತ್ರೆಯನ್ನು ನೀಡಲು ಮುಂದಾದರು. ಬೇಡವೆಂದವರಿಗೂ ಅಧ್ಯಯನದಲ್ಲಿ ಜಾಗವಿತ್ತು. ಜೊತೆಗೆ ಅವರವರ ಬದುಕಿನ ತೊಡಕುಗಳನ್ನು, ಎಂದರೆ ಕೆಲಸ, ಬಾಡಿಗೆ ಮನೆ, ವಿಮೆ ಎಲ್ಲವನ್ನೂ ಅವರೊಂದಿಗೇ ಕುಳಿತು ಬಿಡಿಸುವ ವ್ಯವಸ್ಥೆ ಮಾಡಿದರು. ನೂರಕ್ಕೆ 79ರಷ್ಟು ಮಂದಿ ಮಾತ್ರೆ ಆರಂಭಿಸಿದರು. ಮಾತ್ರೆ ಅದೇ, ಕೊಟ್ಟ ರೀತಿ ಬೇರೆ. ಇಂಥ ಅಧ್ಯಯನಗಳು ಶುರುವಾಗುವ ಮುನ್ನ ಸ್ಥಳೀಯ ಸಮುದಾಯ ಸಲಹಾ ಮಂಡಳಿಗಳ ಮುಂದೆ ಬರುತ್ತವೆ. ಅಲ್ಲಿ ಕೂರುವವರು ಹೆಚ್ಚಾಗಿ ಸ್ವಯಂಸೇವಕರು. ಒಪ್ಪಿಗೆ ಪತ್ರದ ಈ ವಾಕ್ಯ ನಮ್ಮವರಿಗೆ ಅರ್ಥವಾಗದು, ಪರೀಕ್ಷೆಯ ಸಮಯ ಸಂಜೆಗೆ ಹಾಕಿ ಎಂದು ಹೇಳುವವರು ಅವರೇ.

ಮಂಡ್ಯದ ಕಡೆಯವ, ಮ್ಯಾಂಚೆಸ್ಟರ್

ನೆರವು ಪಡೆದವರೂ ಬರೆಯಲಿ ಎಂದು ಕೇಳಿದ್ದೀರಿ. ನಾನು ಮಾಸ್ಟರ್ಸ್ ಓದಲು ಬಂದವನು. ಮೊದಲ ಕರೆಯಲ್ಲೇ, ಭಾರತೀಯರೊಬ್ಬರ ಜೊತೆ ಮಾತನಾಡುತ್ತೀರಾ ಎಂದು ಕೇಳಿದಾಗ ದಯವಿಟ್ಟು ಬೇಡ ಎಂದೆ. ಜಮೈಕಾ ಮೂಲದ ಹಿರಿಯರೊಬ್ಬರು ಸಿಕ್ಕರು. ನನ್ನ ಊರು, ನನ್ನ ಅಪ್ಪನ ಹೆಸರು, ನಮ್ಮ ಮನೆತನ ಯಾವುದೂ ಅವರಿಗೆ ಏನನ್ನೂ ಹೇಳುವುದಿಲ್ಲ ಎಂಬುದೇ ನನಗೆ ದೊಡ್ಡ ನೆಮ್ಮದಿಯಾಗಿತ್ತು. ಅವರ ಅಮ್ಮ ಚರ್ಚಿನಲ್ಲಿ ಹಾಡುವವರಂತೆ; ಭಾನುವಾರದ ಊಟದಲ್ಲಿ ಮದುವೆಯ ಮಾತು ಹೇಗೆ ತಪ್ಪಿಸುತ್ತಿದ್ದೆ ಎಂದು ಅವರು ಹೇಳಿದಾಗ ನಾನು ಬಹಳ ದಿನಗಳ ಮೇಲೆ ನಕ್ಕೆ. ಪರೀಕ್ಷೆಗೆ ಜೊತೆಯಲ್ಲಿ ಬಂದರು, ಪ್ರೆಪ್ ಶುರು ಮಾಡುವ ಮುನ್ನ ಮೂತ್ರಪಿಂಡದ ತಪಾಸಣೆ ಯಾಕೆ ಎಂದು ವಿವರಿಸಿದರು. ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು.

ಆದರೆ ಒಂದು ಹಂತದ ಮೇಲೆ ಮಾತು ಮುಂದೆ ಹೋಗಲಿಲ್ಲ. ತಂಗಿಯ ಮದುವೆ ಆಗುವವರೆಗೆ ನಾನು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅವಳಿಗೆ ಬರುವ ಸಂಬಂಧಗಳು ನಿಲ್ಲುತ್ತವೆ ಎಂಬುದನ್ನು ಅವರಿಗೆ ಎಷ್ಟು ಬಗೆಯಲ್ಲಿ ಹೇಳಿದರೂ, ನಿನ್ನ ಬದುಕು ನಿನ್ನದು ಎಂದೇ ಉತ್ತರ ಬರುತ್ತಿತ್ತು. ಅದು ಪ್ರೀತಿಯಿಂದ ಹೇಳಿದ ಮಾತು, ನನಗೆ ಗೊತ್ತು. ಕೊನೆಗೆ ಅದೇ ಸಂಸ್ಥೆಯ ತೆಲುಗು ಮನೆಯ ಇನ್ನೊಬ್ಬ ಸ್ವಯಂಸೇವಕಿಯ ಜೊತೆ ಮಾತನಾಡಿದೆ. ಅವರು ನನಗೆ ಹೇಳು ಎಂದೂ ಹೇಳಲಿಲ್ಲ, ಹೇಳಬೇಡ ಎಂದೂ ಹೇಳಲಿಲ್ಲ. ತಂಗಿಗೆ ಎಷ್ಟು ವಯಸ್ಸು, ಮನೆಯಲ್ಲಿ ನಿನ್ನ ಮಾತು ಕೇಳುವವರು ಯಾರು, ಊರಿಗೆ ಹೋದಾಗ ಹೆಣ್ಣು ನೋಡಲು ಕರೆದುಕೊಂಡು ಹೋದರೆ ಏನು ಮಾಡುತ್ತೀ ಎಂದು ಒಂದೊಂದಾಗಿ ಕೇಳಿದರು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ದೇಹದ ವಿಷಯಕ್ಕೆ ಪರಕೀಯರು, ಮನೆಯ ವಿಷಯಕ್ಕೆ ಹತ್ತಿರದವರು; ಆದರೆ ತೀರಾ ಹತ್ತಿರದವರಲ್ಲ. ಅವರು ಕನ್ನಡಿಗರಾಗಿದ್ದರೆ ನಾನು ಮಾತನಾಡುತ್ತಿದ್ದೆನೇ ಎಂದರೆ, ಬಹುಶಃ ಇಲ್ಲ.

ಸಂಧ್ಯಾರಾಗ, ಟೊರೊಂಟೊ

ಮಂಡ್ಯದವರ ಬರಹ ಓದಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಖುಷ್ ಎಂಬ ದಕ್ಷಿಣ ಏಷ್ಯಾದ ಗೇ ಗುಂಪಿನವರು ಸೇರಿ 1989ರಲ್ಲಿ ಶುರು ಮಾಡಿದ ಕೆಲಸವೇ ಮುಂದೆ ಆಸಾಪ್ ಎಂಬ ಹೆಸರಿನಿಂದ ಪ್ರಸಿದ್ಧವಾದ, ದಕ್ಷಿಣ ಏಷ್ಯಾದವರಿಗಾಗಿ ಎಚ್‌ಐವಿ ಕೆಲಸ ಮಾಡುವ ಸಂಸ್ಥೆಯಾಯಿತು. ಅದಕ್ಕೂ ಮುಂಚೆ, 1986ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ತ್ರಿಕೋನ್ ಎಂಬ ಇಂಥದೇ ಗುಂಪು ಹುಟ್ಟಿತ್ತು. ಇವೆಲ್ಲವೂ ಸಂಬಳವಿಲ್ಲದವರ ಸಂಜೆಗಳ ಮೇಲೆ ಬೆಳೆದವು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಅದರ ಬಗ್ಗೆ ಸ್ವಲ್ಪ ಸಿಟ್ಟೂ ಇದೆ.

ಕಾರಣ ಹೇಳುತ್ತೇನೆ. ದೊಡ್ಡ ಸಂಸ್ಥೆಗಳಿಗೆ ಅನುದಾನ ಬಂದಾಗ ಸಂಬಳದ ಹುದ್ದೆಗಳು ಹುಟ್ಟುತ್ತವೆ. ಆ ಹುದ್ದೆಗೆ ಬಂದವರಿಗೆ ನಮ್ಮ ಸಮುದಾಯದ ಪರಿಚಯವಿರುವುದಿಲ್ಲ, ಆಗ ಅವರು ನಮ್ಮನ್ನು ಕರೆದು ಸಲಹಾ ಸಮಿತಿಯಲ್ಲಿ ಕೂರಿಸುತ್ತಾರೆ, ಊಟ ಮತ್ತು ಬಸ್ ಟಿಕೆಟ್ ಕೊಡುತ್ತಾರೆ. ನಮ್ಮ ಜ್ಞಾನಕ್ಕೆ ಗೌರವ, ಅವರ ಜ್ಞಾನಕ್ಕೆ ಸಂಬಳ. ಜೊತೆಗೆ, ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ತಾವೇ ಅದೇ ನೋವನ್ನು ಉಂಡವರು. ರಾತ್ರಿ ಹತ್ತು ಗಂಟೆಗೆ ಆತ್ಮಹತ್ಯೆಯ ಮಾತನಾಡಿದವರ ಕರೆ ಮುಗಿಸಿ, ಬೆಳಿಗ್ಗೆ ಎಂಟಕ್ಕೆ ತಮ್ಮ ನೌಕರಿಗೆ ಹೋಗುವವರು. ಅವರ ಜೊತೆ ಕುಳಿತು ಮಾತನಾಡುವ ಮೇಲ್ವಿಚಾರಕರು ಇಲ್ಲದಿದ್ದರೆ ಹೆಚ್ಚು ಕಾಲ ತಾಳುವುದಿಲ್ಲ. ಮಲೆನಾಡಿಗರು ಸಂದರ್ಶನದಲ್ಲಿ ಕೇಳಬೇಕಾದದ್ದು ಇದನ್ನು: ಕಷ್ಟದ ಕರೆಯೊಂದು ಮುಗಿದ ಆ ರಾತ್ರಿಯೇ ನಾನು ಯಾರಿಗೆ ಫೋನ್ ಮಾಡಬಹುದು? ಉತ್ತರವಾಗಿ ಒಬ್ಬರ ಹೆಸರು ಬರಬೇಕು. ನಾವೆಲ್ಲರೂ ಇದ್ದೇವೆ ಎಂಬ ಉತ್ತರ ಬಂದರೆ ಯಾರೂ ಇಲ್ಲವೆಂದೇ ತಿಳಿಯಿರಿ.

ಬೆಳಗಾವಿ ಹುಡುಗಿ, ಲೆಸ್ಟರ್

ಇಷ್ಟು ಹೊತ್ತು ಎಲ್ಲರೂ ಗಂಡಸರ ಬಗ್ಗೆ, ಎಚ್‌ಐವಿ ಬಗ್ಗೆ ಬರೆದಿದ್ದೀರಿ. ಅನುದಾನ ಹರಿದುಬರುವುದೂ ಅದಕ್ಕೇ ಎಂಬುದು ನಿಜ. ಆದರೆ ನಮ್ಮಂಥ ಹೆಂಗಸರು ಫೋನ್ ಮಾಡಿದರೆ ವಿಷಯ ಬೇರೆಯೇ ಇರುತ್ತದೆ. ಹೆಂಗಸರನ್ನೇ ಪ್ರೀತಿಸುವವರಿಗೆ ಗರ್ಭಕಂಠದ ಪರೀಕ್ಷೆ ಬೇಕಿಲ್ಲ ಎಂದು ನಂಬಿ 25 ದಾಟಿದ ಮೇಲೂ ಕರೆ ಪತ್ರಗಳನ್ನು ಕಸಕ್ಕೆ ಹಾಕಿದವರಿದ್ದಾರೆ. ಎಚ್‌ಪಿವಿ ಎಂಬ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್ ಹೆಂಗಸರಿಂದ ಹೆಂಗಸರಿಗೂ ಹರಡಬಲ್ಲುದು, ಪರೀಕ್ಷೆ ಎಲ್ಲರಿಗೂ ಬೇಕು ಎಂದು ಹೇಳಲು ಎರಡು ನಿಮಿಷ ಸಾಕು, ಹೇಳುವವರು ಬೇಕಷ್ಟೆ.

ಅದಕ್ಕಿಂತ ಗಂಭೀರವಾದದ್ದು ಬಲವಂತದ ಮದುವೆ. ಅಜ್ಜಿಗೆ ಹುಷಾರಿಲ್ಲ ಎಂದು ಊರಿಗೆ ಕರೆಸಿಕೊಂಡು, ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡು, ಗಂಡು ತೋರಿಸುವುದು ಇಲ್ಲಿಯ ದಕ್ಷಿಣ ಏಷ್ಯಾದ ಮನೆಗಳಲ್ಲಿ ಕೇಳದ ಸಂಗತಿಯೇನಲ್ಲ, ಗಂಡುಮಕ್ಕಳಿಗೂ ಹೀಗಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ ಅದು ಶಿಕ್ಷಾರ್ಹ ಅಪರಾಧ; ಗೃಹ ಮತ್ತು ವಿದೇಶಾಂಗ ಇಲಾಖೆಗಳು ಸೇರಿ ನಡೆಸುವ ಫೋರ್ಸ್ಡ್ ಮ್ಯಾರೇಜ್ ಯೂನಿಟ್ ಎಂಬ ವಿಭಾಗವೇ ಇದಕ್ಕಿದೆ. ಇದರಲ್ಲಿ ಸ್ವಯಂಸೇವಕರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಏನನ್ನು ಮಾಡಬಾರದು ಎಂಬುದನ್ನು. ಮನೆಯವರಿಗೆ ಫೋನ್ ಮಾಡಿ ರಾಜಿ ಮಾಡಿಸಲು ಹೋಗಬಾರದು. ಪರಿಚಯದ ಹಿರಿಯರನ್ನು ನಡುವೆ ತರಬಾರದು. ನಮ್ಮ ಕಡೆಯ ಒಳ್ಳೆಯ ಮನಸ್ಸಿನವರಿಗೆ ಮೊದಲು ಹೊಳೆಯುವುದೇ ಇದು: ನಾನು ಅವರ ಅಪ್ಪನ ಹತ್ತಿರ ಮಾತನಾಡುತ್ತೇನೆ, ಅವರು ನನ್ನ ಮಾತು ತೆಗೆದುಹಾಕುವುದಿಲ್ಲ. ಆ ಒಂದು ಕರೆಯಿಂದ ಹುಡುಗಿಯನ್ನು ಮರುದಿನವೇ ವಿಮಾನ ಹತ್ತಿಸಬಹುದು. ಅವಳ ಜೊತೆ ಮಾತನಾಡಲು ನಿಮಗೆ ಸಿಗುವುದು ಒಂದೇ ಅವಕಾಶವಿರಬಹುದು ಎಂದುಕೊಂಡೇ ನಡೆಯಿರಿ ಎಂದು ಇಲ್ಲಿಯ ಅಧಿಕೃತ ಮಾರ್ಗಸೂಚಿ ಹೇಳುತ್ತದೆ. ಮತ್ತೆ ಫೋನ್ ಮಾಡಲು ಸುರಕ್ಷಿತವಾದ ವೇಳೆ ಯಾವುದು, ಬೇರೆಯವರು ಎತ್ತಿದರೆ ಏನೆಂದು ಹೇಳಬೇಕು ಎಂಬುದನ್ನು ಆ ಮೊದಲ ಕರೆಯಲ್ಲೇ ಕೇಳಿಟ್ಟುಕೊಳ್ಳಬೇಕು.

ಟ್ರಾನ್ಸ್ ಗೆಳೆಯರ ಪಾಡು ಇನ್ನೂ ಬೇರೆ. ಇಲ್ಲಿಯ ಲಿಂಗತ್ವ ಕ್ಲಿನಿಕ್‌ಗಳಲ್ಲಿ ಮೊದಲ ಭೇಟಿಗೆ ವರ್ಷಗಟ್ಟಲೆ ಕಾಯಬೇಕು. ಕಾಯಲಾರದೆ ಹಾರ್ಮೋನನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವವರಿಗೆ ಬೈಯುವುದರಿಂದ ಪ್ರಯೋಜನವಿಲ್ಲ. ರಕ್ತಪರೀಕ್ಷೆಯನ್ನಾದರೂ ಮಾಡಿಸಿಕೊಳ್ಳಲು ಒಪ್ಪುವ ಜಿ.ಪಿ.ಯನ್ನು ಹುಡುಕಿಕೊಡಬಹುದು. ಮಲೆನಾಡಿಗರು ಫಾರ್ಮಸಿಸ್ಟ್ ಆಗಿರುವುದರಿಂದ ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಮಾಜಿ ಪೀರ್ ಎಜುಕೇಟರ್, ಹುಬ್ಬಳ್ಳಿ

ಹೊರದೇಶದ ಚರ್ಚೆಗೆ ನಾನು ಯಾಕೆ ಬಂದೆ ಎಂದು ಕೇಳಬೇಡಿ, ನಂಟಿದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸೇರಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕಟ್ಟಿದ ಕಾಲದಿಂದ ನಮ್ಮ ಜಿಲ್ಲೆಗಳಲ್ಲಿ ಪೀರ್ ಎಜುಕೇಟರ್ ಕೆಲಸ ದೊಡ್ಡದಾಗಿ ಬೆಳೆಯಿತು. ಬಸ್ ನಿಲ್ದಾಣ, ಪಾರ್ಕು, ಜಾತ್ರೆ ಎಲ್ಲಿ ನಮ್ಮವರು ಸೇರುತ್ತಿದ್ದರೋ ಅಲ್ಲಿಗೆ ನಮ್ಮವರೇ ಹೋಗಿ ಕಾಂಡೋಮ್ ಕೊಟ್ಟು, ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹೆಯ ಐಸಿಟಿಸಿ ಕೇಂದ್ರಕ್ಕೆ ಕರೆದುಕೊಂಡು ಬರುತ್ತಿದ್ದರು. ಊರವರೇ ಆಗಿದ್ದರೂ ಗುಟ್ಟು ಉಳಿಯುತ್ತಿತ್ತು; ಯಾಕೆಂದರೆ ಗುಟ್ಟು ಬಿಟ್ಟುಕೊಟ್ಟವರನ್ನು ಎರಡನೆಯ ದಿನ ಆ ಪಾರ್ಕಿನಲ್ಲಿ ಯಾರೂ ಮಾತನಾಡಿಸುತ್ತಿರಲಿಲ್ಲ.

ಅಪಾಯವೂ ಇತ್ತು. ಲಂಡನ್ನಿನವರು ಮೇಲೆ ಹೇಳಿದ ಶಿವಾನಂದ ಖಾನ್ ಅವರ ಬಳಗದವರೂ ಸೇರಿದಂತೆ ಏಡ್ಸ್ ತಡೆಯ ಕಾರ್ಯಕರ್ತರನ್ನು 2001ರಲ್ಲಿ ಲಖನೌ ಪೊಲೀಸರು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನಡಿ ಹಿಡಿದು ತಿಂಗಳಿಗೂ ಮೀರಿ ಜೈಲಿನಲ್ಲಿಟ್ಟಿದ್ದರು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಆ ಕಲಮಿನ ಹಲ್ಲು ಕಿತ್ತಿತು. ಆದರೆ ಅದಕ್ಕೆ ಮುಂಚೆ ಊರು ಬಿಟ್ಟು ಹೊರದೇಶಕ್ಕೆ ಹೋದವರು ಆ ಹೆದರಿಕೆಯನ್ನು ಜೊತೆಗೇ ಕಟ್ಟಿಕೊಂಡು ಹೋಗಿರುತ್ತಾರೆ. ಫೋನಿನಲ್ಲಿ ಅಂಥವರು ಸಿಕ್ಕರೆ, ಪೊಲೀಸರಿಗೆ ಗೊತ್ತಾಗುತ್ತದೆಯೇ ಎಂದು ಅವರು ಕೇಳಿದಾಗ ನಗಬೇಡಿ.

ನಿವೃತ್ತ ಎಂಜಿನಿಯರ್, ನ್ಯೂಜರ್ಸಿ

ಅಟ್ಲಾಂಟಾದವರು ಮತ್ತು ಲೆಸ್ಟರಿನವರು ಬರೆದದ್ದನ್ನು ಎರಡೆರಡು ಬಾರಿ ಓದಿದೆ. ಬೇರೆ ಸೇವೆ ಏಕೆ ಎಂಬ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಹೊಣೆ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ. 2015ರಲ್ಲಿ ಲಂಡನ್ನಿನ ಪ್ರಸಿದ್ಧ ಲೈಂಗಿಕ ಆರೋಗ್ಯ ಕ್ಲಿನಿಕ್ಕೊಂದು ಎಚ್‌ಐವಿ ಸೇವೆಯ ಸುದ್ದಿಪತ್ರವನ್ನು ಕಳುಹಿಸುವಾಗ ಏಳುನೂರಕ್ಕೂ ಹೆಚ್ಚು ಮಂದಿಯ ಇಮೇಲ್ ವಿಳಾಸಗಳು ಎಲ್ಲರಿಗೂ ಕಾಣುವಂತಾಗಿ, ಮುಂದಿನ ವರ್ಷ 1,80,000 ಪೌಂಡ್ ದಂಡ ತೆತ್ತ ಸುದ್ದಿ ನೆನಪಿದೆ. ಸಂಬಳದ ಸಿಬ್ಬಂದಿಯಿಂದಲೇ ಹೀಗಾದರೆ, ಸ್ವಂತ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಮಾತನಾಡುವ ಸ್ವಯಂಸೇವಕರ ಬಳಿ ಏನು ಭದ್ರತೆ?

ಥೇಮ್ಸ್ ದಂಡೆ, ಲಂಡನ್

ಸರ್, ತಕ್ಕ ಪ್ರಶ್ನೆ. ಸ್ವಂತ ಮೊಬೈಲನ್ನು ಬಳಸಲೇಬಾರದು. ಸಂಸ್ಥೆಯ ಫೋನ್ ಇರಬೇಕು, ಅದರಲ್ಲಿ ಪೂರ್ಣ ಹೆಸರುಗಳನ್ನು ಉಳಿಸಬಾರದು, ಟಿಪ್ಪಣಿಗಳು ಸಂಸ್ಥೆಯ ವ್ಯವಸ್ಥೆಯಲ್ಲಿ ಮಾತ್ರ ಇರಬೇಕು. ಜೀವಕ್ಕೆ ಅಪಾಯ ಅಥವಾ ಮಕ್ಕಳಿಗೆ ಅಪಾಯ ಎನಿಸಿದರೆ ಗೋಪ್ಯತೆಯನ್ನು ಮೀರಬೇಕಾಗುತ್ತದೆ ಎಂಬುದನ್ನು ಮಾತಿನ ಆರಂಭದಲ್ಲೇ ಬಂದವರಿಗೆ ತಿಳಿಸಬೇಕು. ದೂರು ಯಾರಿಗೆ ಕೊಡಬಹುದು ಎಂಬುದನ್ನೂ ಹೇಳಬೇಕು. ವೈದ್ಯರ ಮಾತನ್ನು ನಾವು ವಿವರಿಸುತ್ತೇವೆ, ತಿದ್ದುವುದಿಲ್ಲ.

ಮಲೆನಾಡಿಗ, ಬರ್ಮಿಂಗ್‌ಹ್ಯಾಮ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಸಂಯೋಜಕರನ್ನು ಮತ್ತೊಮ್ಮೆ ಭೇಟಿ ಮಾಡಿದೆ. ಸಂಸ್ಥೆಯ ಫೋನಿದೆ, ಕಷ್ಟದ ಕರೆಯ ನಂತರ ಫೋನ್ ಮಾಡಬಹುದಾದವರ ಹೆಸರನ್ನೂ ಕೊಟ್ಟರು. ಭಾಷೆಯ ಆಯ್ಕೆಯನ್ನು ಮೊದಲೇ ಕೇಳುವ ಪದ್ಧತಿ ಇರಲಿಲ್ಲ, ಅರ್ಜಿಯ ನಮೂನೆಯಲ್ಲಿ ಅದನ್ನು ಸೇರಿಸುವುದಾಗಿ ಒಪ್ಪಿದ್ದಾರೆ. ನಾನು ಮೊದಲ ಆರು ತಿಂಗಳು ಔಷಧಿಗಳ ಪ್ರಶ್ನೆಗಳಿಗೆ ಮತ್ತು ಕ್ಲಿನಿಕ್ ಜೊತೆಗಾರಿಕೆಗೆ ಮಾತ್ರ ಒಪ್ಪಿಕೊಂಡು, ಕನ್ನಡದ ಕರೆಗಳನ್ನು ಕೇಳಿದವರಿಗಷ್ಟೇ ತೆಗೆದುಕೊಳ್ಳುತ್ತೇನೆ. ಒಂದು ಸಂದೇಹ ಉಳಿದಿದೆ: ನಾನು ನೆರವಾದವರು ಕನ್ನಡ ಕೂಟದಲ್ಲಿ ಎದುರಾದರೆ ಹೇಗೆ ನಡೆದುಕೊಳ್ಳಬೇಕು?

ಥೇಮ್ಸ್ ದಂಡೆ, ಲಂಡನ್

ಅದನ್ನು ಅವರ ಜೊತೆ ಮೊದಲ ಭೇಟಿಯಲ್ಲೇ ಮಾತನಾಡಿಕೊಳ್ಳಿ. ನಮ್ಮಲ್ಲಿರುವ ನಿಯಮ ಇದು: ಹೊರಗೆ ಎಲ್ಲಿ ಸಿಕ್ಕರೂ ಸಲಹೆಗಾರರು ತಾವಾಗಿ ಮಾತನಾಡಿಸುವುದಿಲ್ಲ, ಅವರು ಮಾತನಾಡಿಸಿದರೆ ಮಾತ್ರ ಉತ್ತರ. ಯಾರಾದರೂ ಇವರ ಪರಿಚಯ ಹೇಗೆ ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನು ಅವರೇ ನಿರ್ಧರಿಸಿರಬೇಕು. ನೀವು ಫಾರ್ಮಸಿಸ್ಟ್ ಆಗಿರುವುದರಿಂದ, ಅಂಗಡಿಯಲ್ಲಿ ಪರಿಚಯ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.